ಹಾಫ್ ಥ್ರೀ ಅಂದ್ರೆ ಎರಡೂವರೆ ಅಲ್ವಾ?

ಪ್ರಶ್ನೆ: ಮೇಡಂ, ನಾನು ಮಂಡ್ಯದೋನು, ಮೈಸೂರಲ್ಲಿ ಕೆಲ್ಸ. ಲಂಡನ್ ಕ್ಲೈಂಟ್ ಒಬ್ರು ಎರಡು ಗಂಟೆ ಮೀಟಿಂಗನ್ನ 'ಪುಶ್ ಬ್ಯಾಕ್ ಟು ಹಾಫ್ ಥ್ರೀ' ಅಂತ ಮೆಸೇಜ್ ಹಾಕಿದ್ರು, ನಾನು ಅವ್ರ ಟೈಮಿನ ಎರಡೂವರೆ ಅನ್ಕೊಂಡು ಲಿಂಕ್ ಓಪನ್ ಮಾಡಿ ಒಂದ್ ಗಂಟೆ ಸ್ಕ್ರೀನಲ್ಲಿ ನನ್ ಮುಖಾನೇ ನೋಡ್ಕೊಂಡು ಕೂತಿದ್ದೆ. ಇನ್ನೊಂದ್ಸಲ ಕರೆದಾಗ 'ಐ ಆಮ್ ಬ್ಯುಸಿ' ಅಂದೆ, ಅವ್ರಿಗೆ ಬೇಜಾರಾದಂಗಿತ್ತು. ಬ್ಯುಸಿ ಇದ್ರೆ ಇನ್ನೇನ್ ಅನ್ಬೇಕು?

ಉತ್ತರ: ಅಯ್ಯೋ ಪಾಪ! ಬ್ರಿಟಿಷರ ಬಾಯಲ್ಲಿ ಹಾಫ್ ಥ್ರೀ ಅಂದ್ರೆ ಹಾಫ್ ಪಾಸ್ಟ್ ಥ್ರೀ, ಮೂರೂವರೆ. ಪುಶ್ ಬ್ಯಾಕ್ ಅಂದ್ರೆ ನಾವು ಮುಂದಕ್ಕೆ ಹಾಕೋದು ಅಂತೀವಲ್ಲ ಅದು, ನಮ್ಗೆ ಮುಂದೆ ಆದದ್ದು ಅವ್ರಿಗೆ ಬ್ಯಾಕು, ಗೊಂದಲ ಆಗದೆ ಇನ್ನೇನು. ಬೇಗ ಇಟ್ಕೊಳ್ಳೋಣ ಅನ್ನೋಕೆ ಬ್ರಿಂಗ್ ಫಾರ್ವರ್ಡ್ ಅನ್ನಿ. ನಮ್ ಪ್ರಿಪೋನ್ ಆಕ್ಸ್‌ಫರ್ಡ್ ಡಿಕ್ಷನರೀಲಿ ಇಂಡಿಯನ್ ಇಂಗ್ಲಿಷ್ ಅಂತ ಸೇರ್ಕೊಂಡಿದೆ ನಿಜ, ಲಂಡನ್ನೋರು ಮಾತ್ರ ಏನದು ಅಂತ ಕೇಳ್ಬೋದು.

ಬ್ಯುಸಿ ತಪ್ಪಲ್ಲ, ಆದ್ರೆ ಅಷ್ಟೇ ಹೇಳಿ ಸುಮ್ನಾದ್ರೆ ಮುಖದ್ ಮೇಲೆ ಬಾಗ್ಲು ಹಾಕ್ದಂಗೆ ಕೇಳ್ಸುತ್ತೆ, 'ಸಾರಿ' ಅಂತ ಒಂದು ಮಾತು ಸೇರ್ಸಿ ಬೇರೆ ದಿನಾನೂ ನೀವೇ ಕೊಟ್ಬಿಡಿ: 'ಸಾರಿ, ಐ ಆಮ್ ಟೈಡ್ ಅಪ್ ಟಿಲ್ ಫೋರ್, ವುಡ್ ಥರ್ಸ್‌ಡೇ ವರ್ಕ್ ಫಾರ್ ಯು?' ಟೈಡ್ ಅಪ್ ಅಂದ್ರೆ ಕೆಲ್ಸದಲ್ಲಿ ಸಿಕ್ಕಾಕೊಂಡಿದೀನಿ ಅಂತ. ಟಯರ್ಡ್ ಅಂದ್ಬಿಟ್ಟೀರಾ, ಸುಸ್ತಾಗಿದೆ ಅಂತಾಗುತ್ತೆ, ನನ್ನ ಸ್ಟೂಡೆಂಟ್ ಒಬ್ಳು ಹಂಗಂದು 'ಗೋ ಹೋಮ್ ಅಂಡ್ ರೆಸ್ಟ್' ಅನ್ನಿಸ್ಕೊಂಡಿದ್ಲು! ಹ್ಯಾಂಡ್ಸ್ ಫುಲ್ ನಿಮ್ಗೆ ಸಲೀಸು, ನಮ್ ಕೈ ತುಂಬಾ ಕೆಲ್ಸಾನೇ ಅದು.

ಇನ್ನು ನಮ್ ಕಡೆಯೋರಿಗೆ ಒಂದು ಅಭ್ಯಾಸ, 'ಆಯ್ತು ನೋಡೋಣ ಬುಡಿ' ಅಂದ್ರೆ ಬರಲ್ಲ ಅಂತ ಮಂಡ್ಯದಲ್ಲಿ ಎಲ್ರಿಗೂ ಗೊತ್ತು, ಅದನ್ನೇ 'ಓಕೆ, ಲೆಟ್ಸ್ ಸೀ' ಅಂತ ಕಳ್ಸಿದ್ರೆ ಓಕೆ ಅಂದ್ರಲ್ಲ ಅಂತ ಆ ಮನುಷ್ಯ ಕಾಯ್ತಾ ಕೂರ್ಬೋದು. ಆಗಲ್ಲ ಅಂದ್ರೆ 'ಐ ಆಮ್ ಅಫ್ರೈಡ್ ಐ ಕಾಂಟ್ ಮೇಕ್ ಇಟ್' ಅನ್ನಿ, ಇಲ್ಲಿ ಅಫ್ರೈಡ್ ಅಂದ್ರೆ ಹೆದ್ರಿಕೆ ಏನಲ್ಲ, ಬೇಜಾರಿದೆ ಅಂತಷ್ಟೇ.

ಟೈಮ್ ಬರೀವಾಗ ಯಾರ ಟೈಮು ಅಂತ ಹಾಕೋದು ಮರೀಬೇಡಿ. ಲಂಡನ್ನು ನಮಗಿಂತ ಚಳಿಗಾಲದಲ್ಲಿ 5½ ಗಂಟೆ ಹಿಂದೆ, ಮಾರ್ಚ್ ಕೊನೇ ಭಾನುವಾರ ಗಡಿಯಾರ ತಿರುಗಿಸ್ಕೊಂಡ್ರೆ ಅಕ್ಟೋಬರ್ ಕೊನೇ ಭಾನುವಾರದ ತನಕ 4½ ಗಂಟೆ. ಅವ್ರ ಮೂರೂವರೆ ಅಂದ್ರೆ ಬೇಸಿಗೇಲಿ ನಮ್ಗೆ ರಾತ್ರಿ 8, ಚಳೀಲಿ 9. ಮಂಡ್ಯಕ್ಕೆ ಹೋಗೋ ಟ್ರೈನ್ ಟೈಮ್ ನೋಡ್ಕೊಂಡು ಒಪ್ಕೊಳ್ಳಿ.