1988ರ ಜಾಗ್ವಾರ್ ಎಕ್ಸ್‌ಜೆ-ಎಸ್ ವಿ12 ಗಾಡಿಗೆ ಪಿಕಪ್ ಹೆಚ್ಚಿಸಬೇಕು, ಎಲ್ಲಿಂದ ಶುರು ಮಾಡಲಿ?

ನೀವು ಕೇಳಿರುವುದು ಇಷ್ಟು: ಇಂಗ್ಲೆಂಡಿನಲ್ಲಿದ್ದೀರಿ, 5.3 ಲೀಟರ್ ವಿ12 (ವಿ ಆಕಾರದಲ್ಲಿ ಹನ್ನೆರಡು ಸಿಲಿಂಡರ್) ಇಂಜಿನ್ನಿನ ಆಟೋಮ್ಯಾಟಿಕ್ ಎಕ್ಸ್‌ಜೆ-ಎಸ್ ಕೂಪೆ ಕೊಂಡಿದ್ದೀರಿ. ಮೋಟರ್‌ವೇಯಲ್ಲಿ ತೇಲಿಕೊಂಡು ಹೋಗುತ್ತದೆ, ಸಿಗ್ನಲ್ ಬಿಟ್ಟಾಗ ಮಾತ್ರ ಮಂಕು. ಕೈಯಲ್ಲಿ ಐದು ಸಾವಿರ ಪೌಂಡ್ ಇದೆ. ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಯಂತ್ರ) ಕೂರಿಸಲೇ, ಇಂಜಿನ್ ಕಂಪ್ಯೂಟರಿನ ಚಿಪ್ ಬದಲಿಸಲೇ, ಸೈಲೆನ್ಸರ್ ತೆಗೆಸಿಬಿಡಲೇ?

ಟರ್ಬೊ, ಚಿಪ್ ಎರಡೂ ಬೇಡ. ಸೈಲೆನ್ಸರ್ ವಿಷಯ ಕೊನೆಗೆ ಹೇಳುತ್ತೇನೆ. ನಾನೂ ಅದೇ ಕಾಲದ ಗಾಡಿ ಇಟ್ಟುಕೊಂಡವನು. ನನ್ನ ಮಟ್ಟಿಗೆ ಇದಕ್ಕೆ ಹೊಸ ಶಕ್ತಿ ಬೇಕಿಲ್ಲ. ಇದ್ದ ಶಕ್ತಿ ಎಲ್ಲಿ ಸೋರಿಹೋಯಿತು ಅಂತ ಹುಡುಕಬೇಕು, ಉಳಿದದ್ದನ್ನು ಚಕ್ರಕ್ಕೆ ಮುಟ್ಟಿಸಬೇಕು.

ಟರ್ಬೊ ಯಾಕೆ ಬೇಡ ಅಂದರೆ, ನಿಮ್ಮದು 1981ರಿಂದ ಬಂದ ಎಚ್‌ಇ (ಹೈ ಎಫಿಷಿಯೆನ್ಸಿ) ಇಂಜಿನ್. ಪೆಟ್ರೋಲ್ ಉಳಿಸಲೆಂದು ಸ್ವಿಸ್ ಇಂಜಿನಿಯರ್ ಮೈಕೆಲ್ ಮೇ ರೂಪಿಸಿದ ಸಿಲಿಂಡರ್ ಹೆಡ್ ಅದರದ್ದು, ಕಂಪ್ರೆಷನ್ (ಗಾಳಿ-ಪೆಟ್ರೋಲ್ ಮಿಶ್ರಣವನ್ನು ಅದುಮುವ ಪ್ರಮಾಣ) 12.5ಕ್ಕೆ 1. ಅಷ್ಟು ಕಂಪ್ರೆಷನ್ ಮೇಲೆ ಇನ್ನಷ್ಟು ಗಾಳಿ ತುರುಕಿದರೆ ನಾಕಿಂಗ್, ಅಂದರೆ ಪೆಟ್ರೋಲ್ ಅಕಾಲದಲ್ಲಿ ತಾನೇ ಹೊತ್ತಿ ಬಡಿಯುವುದು, ಶುರುವಾಗುತ್ತದೆ. ತಪ್ಪಿಸಲು ಪಿಸ್ಟನ್‌ಗಳನ್ನೇ ಬದಲಿಸಬೇಕು, ಅಲ್ಲಿಗೆ ನಿಮ್ಮ ಐದು ಸಾವಿರ ಎಲ್ಲಿಗೂ ಸಾಲದು. ಕಂಪನಿಯೇ ಏನು ಮಾಡಿತು ನೋಡಿ: 90 ಮಿ.ಮೀ. ಬೋರ್ (ಸಿಲಿಂಡರಿನ ಅಗಲ) ಹಾಗೇ ಇಟ್ಟು, ಸ್ಟ್ರೋಕನ್ನು (ಪಿಸ್ಟನ್ ಓಡುವ ದೂರ) 70ರಿಂದ 78.5 ಮಿ.ಮೀ.ಗೆ ಏರಿಸಿ ಇಂಜಿನ್ನನ್ನು 6 ಲೀಟರ್ ಮಾಡಿತು. ಇಷ್ಟೆಲ್ಲ ಮಾಡಿಯೂ 1993ರ ಎಕ್ಸ್‌ಜೆಎಸ್‌ನಲ್ಲಿ ಸಿಕ್ಕದ್ದು 308 ಅಶ್ವಶಕ್ತಿ. ನಿಮ್ಮದು ಹೊಸದರಲ್ಲಿ ಮುನ್ನೂರರ ಹತ್ತಿರವೇ ಇತ್ತು. ಟಾರ್ಕ್ (ತಿರುಗಿಸುವ ಬಲ) ಚೆನ್ನಾಗಿಯೇ ಹೆಚ್ಚಿತು, ಒಪ್ಪುತ್ತೇನೆ. ಆದರೆ ನಿಮಗೆ ಬೇಕಾದ ಟಾರ್ಕ್ ಅದಕ್ಕಿಂತ ಅಗ್ಗದಲ್ಲಿ ಸಿಗುತ್ತದೆ.

ಮೊದಲು ಸೋರಿಕೆ ಹುಡುಕಿ. ಬಾನೆಟ್ ಎತ್ತಿ, ಒಬ್ಬರನ್ನು ಒಳಗೆ ಕೂರಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಲು ಹೇಳಿ. ಇಂಜಿನ್ ಆಫ್ ಇರಲಿ. ಎರಡೂ ಥ್ರಾಟಲ್ (ಗಾಳಿ ಒಳಬಿಡುವ ಕವಾಟ) ಪೂರ್ತಿ ತೆರೆಯುತ್ತವೆಯೇ? ಬುಷ್‌ಗಳು ಸವೆದು ಮುಕ್ಕಾಲು ಮಾತ್ರ ತೆರೆಯುವ ಗಾಡಿಗಳನ್ನು ಕಂಡಿದ್ದೇನೆ. ಆಮೇಲೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್. ಇಂಜಿನ್ನಿನ ವಿ ನಡುವೆ ಕೆಂಡದಂಥ ಬಿಸಿಯಲ್ಲಿ ಕೂತಿರುತ್ತದೆ, ಒಳಗಿನ ಗ್ರೀಸ್ ಒಣಗಿ, ವೇಗ ಏರಿದಂತೆ ಕಿಡಿಯನ್ನು ಮುಂಚಿತವಾಗಿ ಹಾರಿಸುವ ಅಡ್ವಾನ್ಸ್ ಯಂತ್ರ ಹಿಡಿದುಕೊಳ್ಳುತ್ತದೆ. ಟೈಮಿಂಗ್ ಲೈಟ್ ಹಿಡಿದು ಆರ್‌ಪಿಎಂ ಏರಿಸಿದಾಗ ಗುರುತು ಜರುಗದಿದ್ದರೆ, ನಿಮ್ಮ ಮಂಕಿಗೆ ಅರ್ಧ ಕಾರಣ ಅದೇ.

ಪ್ಲಗ್‌ಗಳ ಕಥೆಯೇ ಬೇರೆ. ಹನ್ನೆರಡರಲ್ಲಿ ಮುಂದಿನ ಎರಡು ಎಸಿ ಕಂಪ್ರೆಸರ್ ಅಡಿ ಅವಿತಿವೆ. ಕೈ ಹೋಗದ ಜಾಗ, ಆದ್ದರಿಂದ ಹತ್ತನ್ನು ಬದಲಿಸಿ ಹನ್ನೆರಡಕ್ಕೆ ಬಿಲ್ ಬರೆಯುವ ಗ್ಯಾರೇಜುಗಳಿವೆ. ನನ್ನ ಗಾಡಿಯಿಂದ ತೆಗೆದ ಆ ಎರಡು ಪ್ಲಗ್‌ಗಳ ವಯಸ್ಸು ಉಳಿದವುಗಳ ಅಜ್ಜನದ್ದು.

ಇನ್ನೊಂದು ಗುಟ್ಟು ಡಿಕ್ಕಿಯಲ್ಲಿದೆ. ಲ್ಯೂಕಸ್ ಇಂಜೆಕ್ಷನ್ನಿನ ಕಂಪ್ಯೂಟರ್ ಅಲ್ಲೇ ಇರುವುದು. ಇಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡ್‌ನಿಂದ ಅದರವರೆಗೆ ಉದ್ದಕ್ಕೂ ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಹೋಗುತ್ತದೆ. ಅದು ಎಲ್ಲೋ ಬಿರುಕುಬಿಟ್ಟರೆ ಇಂಜಿನ್‌ಗೆ ಸದಾ ಭಾರ ಬಿದ್ದಿದೆ ಅಂತ ಕಂಪ್ಯೂಟರ್ ತಿಳಿದು ಪೆಟ್ರೋಲ್ ಸುರಿಯುತ್ತದೆ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಪಿಕಪ್ ಸೊನ್ನೆ. ಇದಕ್ಕೆ ಚಿಪ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕೆಲವು ಪೌಂಡ್‌ಗಳ ರಬ್ಬರ್ ಪೈಪ್ ಸಾಕು.

ಬಾನೆಟ್ ತೆರೆದಿರುವಾಗಲೇ ಇಂಜೆಕ್ಟರ್‌ಗಳ ಹೋಸ್‌ಗಳನ್ನೂ ಹೊಸದು ಮಾಡಿಸಿ. ಇದು ಪಿಕಪ್ಪಿಗಲ್ಲ, ಗಾಡಿ ಹೊತ್ತಿ ಉರಿಯದಿರಲಿ ಅಂತ. 2021ರ ಸೆಪ್ಟೆಂಬರ್‌ನಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲ್ ಇ10 (ಶೇ. 10ರವರೆಗೆ ಎಥನಾಲ್ ಬೆರೆತದ್ದು). ಹಳೆ ರಬ್ಬರ್‌ಗೆ ಎಥನಾಲ್ ಆಗಿಬರುವುದಿಲ್ಲ. ಎಥನಾಲ್ ತಡೆಯುವ ಹೋಸ್ ಹಾಕಿಸಿ, ಎಥನಾಲ್ ಕಡಿಮೆ ಇರುವ ಇ5 ಸೂಪರ್ ಅನ್‌ಲೆಡೆಡ್ ಪೆಟ್ರೋಲ್ ಹೊಡೆಸಿ. ಅಷ್ಟು ಕಂಪ್ರೆಷನ್‌ಗೆ ಹೆಚ್ಚಿನ ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಹೇಗೂ ಬೇಕು.

ಇಷ್ಟು ಮಾಡಿದ ಮೇಲೂ ಸಾಲದು ಅನ್ನಿಸಿದರೆ ಡಿಫರೆನ್ಷಿಯಲ್‌ಗೆ (ಇಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರು ಪೆಟ್ಟಿಗೆ) ಬನ್ನಿ. ದುಡ್ಡು ಸಾರ್ಥಕವಾಗುವುದು ಇಲ್ಲಿ. ಅದರೊಳಗಿನ ಕ್ರೌನ್-ಪಿನಿಯನ್ ಗೇರುಗಳ ಅನುಪಾತ ನಿಮ್ಮ ಗಾಡಿಯಲ್ಲಿ 2.88, ಅಂದರೆ ಶಾಫ್ಟ್ 2.88 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಗೇರ್‌ಬಾಕ್ಸ್ ಜನರಲ್ ಮೋಟರ್ಸ್‌ನ ಮೂರು ಗೇರಿನ ಟರ್ಬೊ 400. ಹೆಸರಲ್ಲಿ ಟರ್ಬೊ ಅಷ್ಟೇ, ಅದಕ್ಕೂ ಟರ್ಬೊಗೂ ಸಂಬಂಧವಿಲ್ಲ. ಮೊದಲ ಗೇರು 2.48. ಸುಮಾರು 1,750 ಕಿಲೋ ಗಾಡಿಯನ್ನು ಇಷ್ಟು ಉದ್ದದ ಗೇರಿನಲ್ಲಿ ಎಳೆಯುವಾಗ ಮಂಕು ಅನ್ನಿಸದೆ ಇನ್ನೇನು? 3.54ರ ಡಿಫರೆನ್ಷಿಯಲ್ ಹಾಕಿದರೆ ಎಲ್ಲ ಗೇರಿನಲ್ಲೂ ಚಕ್ರಕ್ಕೆ ಮುಟ್ಟುವ ಟಾರ್ಕ್ ಶೇ. 23 ಹೆಚ್ಚು. ಇಂಜಿನ್ನಿನ ಒಂದು ಬೋಲ್ಟನ್ನೂ ಬಿಚ್ಚದೆ! ಬೆಲೆ ಏನೆಂದರೆ, 100 ಕಿ.ಮೀ. ವೇಗದಲ್ಲಿ ಸುಮಾರು 2,300 ಇದ್ದ ಆರ್‌ಪಿಎಂ 2,800ಕ್ಕೆ ಏರುತ್ತದೆ, ಪೆಟ್ರೋಲೂ ಅದಕ್ಕೆ ತಕ್ಕಂತೆ. ದೂರದ ಪ್ರಯಾಣವೇ ನಿಮಗೆ ಮುಖ್ಯವಾದರೆ 3.31 ಹಾಕಿಸಿ, ಅದರಲ್ಲಿ ಶೇ. 15 ಲಾಭ. ನಾಲ್ಕು ಗೇರಿನ 700ಆರ್4 ಗೇರ್‌ಬಾಕ್ಸ್ ಕೂರಿಸುವವರೂ ಇದ್ದಾರೆ. ಮೊದಲ ಗೇರು 3.06, ಕೊನೆಯದು 0.70, ಎರಡೂ ಕಡೆ ಲಾಭ. ಆದರೆ ಅಡಾಪ್ಟರ್, ಪ್ರೊಪೆಲ್ಲರ್ ಶಾಫ್ಟ್ ಅಂತ ಖರ್ಚು ಬೆಳೆಯುತ್ತದೆ. ಅದಕ್ಕಿಂತ ಮೊದಲು ಕಿಕ್‌ಡೌನ್ ಸ್ವಿಚ್ ಕೆಲಸ ಮಾಡುತ್ತಿದೆಯೇ ನೋಡಿ. ಅದು ವಿದ್ಯುತ್ತಿನದ್ದು, ಸತ್ತಿದ್ದರೆ ಎಷ್ಟು ತುಳಿದರೂ ಗೇರ್ ಕೆಳಗಿಳಿಯುವುದಿಲ್ಲ.

ಡಿಫರೆನ್ಷಿಯಲ್ ಬದಲಿಸಲು ಹಿಂದಿನ ಸಬ್‌ಫ್ರೇಮನ್ನೇ ಇಳಿಸಬೇಕು. ನಿಮ್ಮ ಗಾಡಿಯ ಹಿಂಬದಿ ಬ್ರೇಕ್ ಡಿಸ್ಕ್‌ಗಳು ಚಕ್ರದ ಬಳಿ ಇಲ್ಲ, ಡಿಫರೆನ್ಷಿಯಲ್‌ಗೇ ಅಂಟಿಕೊಂಡಿವೆ. ಅವುಗಳ ಬಿಸಿಗೆ ಆಯಿಲ್ ಸೀಲ್ ಬೇಯುತ್ತದೆ, ಆಯಿಲ್ ಡಿಸ್ಕ್ ಮೇಲೆ ಹಾರುತ್ತದೆ. ಹಾಗಾಗಿ ಒಮ್ಮೆ ಇಳಿಸಿದಾಗಲೇ ಡಿಸ್ಕ್, ಕ್ಯಾಲಿಪರ್, ಸೀಲ್, ಬುಷ್, ನಾಲ್ಕು ಶಾಕ್ ಅಬ್ಸಾರ್ಬರ್ ಎಲ್ಲ ಮುಗಿಸಿಬಿಡಿ. ಮತ್ತೆ ಇಳಿಸುವ ಕೂಲಿ ಯಾರಿಗೆ ಬೇಕು! ಸ್ಪೀಡೋಮೀಟರ್ ಸರಿ ತೋರಿಸುತ್ತಿದೆಯೇ ಅಂತಲೂ ಜಿಪಿಎಸ್ ಹಿಡಿದು ನೋಡಿ.

ರೇಡಿಯೇಟರ್ ಮರೆಯಬೇಡಿ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ವರ್ಷಗಳ ಎಲೆ, ಧೂಳು ಸೇರಿರುತ್ತದೆ. ಬಿಚ್ಚಿ ತೊಳೆಸಿ, ಎರಡು ಥರ್ಮೋಸ್ಟಾಟ್ ಬದಲಿಸಿ. ಒಮ್ಮೆ ಮಿತಿಮೀರಿ ಬಿಸಿಯಾದರೆ ಅಲ್ಯೂಮಿನಿಯಂ ಹೆಡ್‌ನಿಂದ ವಾಲ್ವ್ ಸೀಟ್ ಕಳಚಿ ಬೀಳಬಹುದು, ಅಲ್ಲಿಗೆ ಇಂಜಿನ್ ಮುಗಿಯಿತು.

ಸೈಲೆನ್ಸರ್? ನಡುವಿನ ಜೋಡಿ ತೆಗೆಸಿದರೆ ಸದ್ದು ಚೆನ್ನಾಗಿರುತ್ತದೆ, ಶಕ್ತಿ ಹೇಳಿಕೊಳ್ಳುವಷ್ಟು ಬರುವುದಿಲ್ಲ. ಸದ್ದು ಹೆಚ್ಚುವಂತೆ ಸೈಲೆನ್ಸರ್ ಬದಲಿಸುವುದು ಬ್ರಿಟನ್ನಿನಲ್ಲಿ ಕಾನೂನಿಗೂ ವಿರುದ್ಧ, ಬಿಟ್ಟುಬಿಡಿ. 1988ರ ಗಾಡಿಗೆ ಎಂಒಟಿಯಲ್ಲಿ (ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆ) ಹೊಗೆ ಮಿತಿ ಸಡಿಲವೇ, ಕಾರ್ಬನ್ ಮೊನಾಕ್ಸೈಡ್ ಶೇ. 3.5ರವರೆಗೆ ಬಿಡುತ್ತಾರೆ. ಇನ್ಶೂರೆನ್ಸ್‌ನವರಿಗೆ ಮಾತ್ರ ಪ್ರತಿ ಬದಲಾವಣೆಯನ್ನೂ, ಡಿಫರೆನ್ಷಿಯಲ್ ಸೇರಿಸಿ, ಬರಹದಲ್ಲಿ ತಿಳಿಸಿ. ಹಳೆ ಗಾಡಿಗಳಿಗೇ ಪಾಲಿಸಿ ಕೊಡುವ ಕಂಪನಿಗಳು ಇಂಥ ಕೆಲಸಕ್ಕೆ ಹೆಚ್ಚು ಕಿರಿಕಿರಿ ಮಾಡುವುದಿಲ್ಲ.