ಮಿಶ್ರಣವೇ ಬೇರೆ, ಕಲಬೆರಕೆಯೇ ಬೇರೆ

ಪ್ರಶ್ನೆ: ಫ್ರಾನ್ಸಿನ ಬೋರ್ಡೋ ಕೆಂಪು ವೈನಿನಲ್ಲಿ ಎರಡು ಮೂರು ತಳಿಯ ದ್ರಾಕ್ಷಿಗಳನ್ನು ಬೆರೆಸುತ್ತಾರಂತೆ. ಒಂದೇ ತಳಿಯದ್ದು ಶುದ್ಧ, ಮಿಶ್ರಣವೆಂದರೆ ದೋಷ ಮುಚ್ಚುವ ಉಪಾಯ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ನಿಜವೇ? ಸವಿಯುವಾಗ ತಳಿಗಳನ್ನು ಗುರುತಿಸುವುದು ಹೇಗೆ?

ಉತ್ತರ: ಈ ‘ಶುದ್ಧ’ ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿರುವುದರಿಂದ ಈ ಸಲ ವಿವರವಾಗಿಯೇ ಬರೆಯುತ್ತೇನೆ. ನಿಮ್ಮ ಪರಿಚಿತರು ಮಿಶ್ರಣವನ್ನು ಕಲಬೆರಕೆ ಎಂದು ತಿಳಿದಿದ್ದಾರೆ. ನಮ್ಮ ರೈತರು ರಾಗಿ ಹೊಲದಲ್ಲಿ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕುವುದು ಯಾವ ಎಚ್ಚರಿಕೆಯಿಂದಲೋ, ಅಟ್ಲಾಂಟಿಕ್ ಕಡಲಿನ ಮಳೆಗಾಳಿಗೆ ಮೈಯೊಡ್ಡಿರುವ ಬೋರ್ಡೋ ಬೆಳೆಗಾರರು ಹಲವು ತಳಿಗಳನ್ನು ಬೆಳೆಸುವುದೂ ಅದೇ ಎಚ್ಚರಿಕೆಯಿಂದ. ಮೆರ್ಲೋ ತಳಿ ಬೇಗ ಹಣ್ಣಾಗುತ್ತದೆ, ಆದರೆ ಬೇಗ ಚಿಗುರುವುದರಿಂದ ವಸಂತದ ಹಿಮಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತದೆ. ತಡವಾಗಿ ಮಾಗುವ ಕಾಬರ್ನೆ ಸೊವಿನ್ಯೋನ್ (ಮುಂದೆ ಬರೀ ಕಾಬರ್ನೆ ಎಂದರೆ ಇದೇ) ತಳಿಗೆ ಶರತ್ಕಾಲದ ಮಳೆಯ ಭಯ. ಒಂದು ಕೈಕೊಟ್ಟ ವರ್ಷ ಇನ್ನೊಂದು ಕೈಹಿಡಿಯುತ್ತದೆ.

ಮಣ್ಣಿನದೂ ಇದೇ ಕಥೆ. ಜಿರೋಂಡ್ ಅಳಿವೆಯ ಎಡದಂಡೆಯ ಮೆಡೋಕ್‌ನಲ್ಲಿ ನೀರು ಬಸಿದುಹೋಗುವ, ಬಿಸಿಲಿನ ಕಾವನ್ನು ಹಿಡಿದಿಡುವ ಜಲ್ಲಿ ನೆಲವಿರುವುದರಿಂದ ಅಲ್ಲಿ ಕಾಬರ್ನೆಗೆ ಮೊದಲ ಸ್ಥಾನ. ಬಲದಂಡೆಯ ಸೇಂತ್ ಎಮಿಲಿಯೋನ್, ಪೊಮೆರೋಲ್‌ಗಳ ಸುಣ್ಣಕಲ್ಲು ಮತ್ತು ತಂಪು ಜೇಡಿಮಣ್ಣಿನಲ್ಲಿ ಮೆರ್ಲೋ ಮತ್ತು ಕಾಬರ್ನೆ ಫ್ರಾಂಕ್ ಎಂಬ ಇನ್ನೊಂದು ತಳಿ ಮುಂದು. ಸಾಮಾನ್ಯವಾಗಿ ಒಂದೊಂದು ತಳಿಯನ್ನೂ ಪ್ರತ್ಯೇಕವಾಗಿ ಹುದುಗಿಸಿ, ರುಚಿ ನೋಡಿ, ಬಳಿಕ ಯಾವುದು ಎಷ್ಟೆಂದು ನಿರ್ಧರಿಸುತ್ತಾರೆ. ಕೊಳೆತ ಹಣ್ಣಿನ ವಾಸನೆಯನ್ನು ಯಾವ ಬೆರಕೆಯೂ ಮುಚ್ಚಲಾರದು. ಹಾಗೆಂದು ಬೆರೆಸಲೇಬೇಕೆಂಬ ವ್ರತವೂ ಅವರಿಗಿಲ್ಲ: ಪೊಮೆರೋಲ್‌ನ ಹೆಸರಾಂತ ಪೆಟ್ರೂಸ್ ಬಹುತೇಕ ಮೆರ್ಲೋ ಒಂದರಿಂದಲೇ ಆಗುವ ವೈನು.

ಇನ್ನು ಸವಿಯುವ ವಿಷಯ. ಪರಿಮಳಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಮೊದಲು ಒಗರನ್ನು ಗಮನಿಸಿ. ನೇರಳೆ ಹಣ್ಣು ತಿಂದಾಗ ನಾಲಿಗೆ ಒಣಗಿ ಹಿಡಿದಂತಾಗುತ್ತದಲ್ಲವೇ, ಅದು ಒಗರು ಕೊಡುವ ಟ್ಯಾನಿನ್‌ ಎಂಬ ಪದಾರ್ಥಗಳು ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಳ್ಳುವುದರ ಫಲ. ದಪ್ಪ ಸಿಪ್ಪೆಯ ಸಣ್ಣ ಹಣ್ಣಾದ ಕಾಬರ್ನೆಯ ವೈನು ಎಳೆಯದಾಗಿದ್ದಾಗ ಈ ಒಗರು ಒಸಡುಗಳವರೆಗೆ ಬಿಗಿಯುತ್ತದೆ, ಹಣ್ಣು ಸರಿಯಾಗಿ ಮಾಗಿರದಿದ್ದರೆ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆಯೂ ಇರುತ್ತದೆ. ಮೆರ್ಲೋ ನಾಲಿಗೆಯ ನಡುವೆ ದುಂಡಾಗಿ, ಮೆತ್ತಗೆ ತುಂಬಿಕೊಳ್ಳುತ್ತದೆ. ಒಂದೇ ವರ್ಷದ ಸಾಧಾರಣ ಬೆಲೆಯ ಒಂದು ಮೆಡೋಕ್, ಒಂದು ಸೇಂತ್ ಎಮಿಲಿಯೋನ್ ತಂದು, 16ರಿಂದ 18 ಡಿಗ್ರಿಗೆ ತಂಪಾಗಿಸಿ, ಪಕ್ಕಪಕ್ಕದಲ್ಲಿಟ್ಟು ಒಂದೊಂದು ಗುಟುಕು ನೋಡಿ, ಚೀಟಿ ಓದುವ ಮೊದಲೇ ಬರೆದಿಡಿ. (‘ಕೋಣೆಯ ಉಷ್ಣಾಂಶ’ ಎಂಬ ಹಳೆಯ ಸಲಹೆ ಚಳಿ ದೇಶದ ಕೋಣೆಯದು, ನಮ್ಮ ಬೇಸಿಗೆಯ ಕೋಣೆಯದಲ್ಲ.) ದುಬಾರಿ ಬಾಟಲಿ ಈಗಲೇ ಬೇಡ. ಒಂದು ಗುಟುಕಿಗೇ ‘ಮೆರ್ಲೋ ಶೇ. 35’ ಎಂದು ಘೋಷಿಸುವ ಸ್ವಯಂಘೋಷಿತ ಪಂಡಿತರನ್ನು ನಂಬಬೇಡಿ. ಇಷ್ಟು ವರ್ಷಗಳ ನಂತರವೂ ನಾನು ದಂಡೆಯನ್ನೇ ತಪ್ಪಾಗಿ ಹೇಳಿದ್ದುಂಟು.

ಪ್ರಶ್ನೆ: ಲೋಟದ ಒಳಬದಿಯಲ್ಲಿ ಇಳಿಯುವ ‘ಕಣ್ಣೀರು’ ಹೆಚ್ಚಿದ್ದರೆ ವೈನು ಉತ್ತಮವೇ?

ಉತ್ತರ: ಅಲ್ಲ. ಆಲ್ಕೋಹಾಲು ನೀರಿಗಿಂತ ಬೇಗ ಆವಿಯಾಗುವುದರಿಂದ ಹಾಗಾಗುತ್ತದೆ. ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಬೋರ್ಡೋ ವೈನುಗಳನ್ನು ದರ್ಜೆಗಳಾಗಿ ವಿಂಗಡಿಸಿದ 1855ರ ಶ್ರೇಣಿಪಟ್ಟಿಯಲ್ಲಿ ಇಲ್ಲದ ಪೊಮೆರೋಲ್ ಕೀಳೇ?

ಉತ್ತರ: ಆ ಪಟ್ಟಿಯ ಕೆಂಪು ವೈನುಗಳಲ್ಲಿ ಬೋರ್ಡೋದ ಗ್ರಾವ್ ಪ್ರದೇಶದ ಓ ಬ್ರಿಯೋನ್ ಒಂದನ್ನು ಬಿಟ್ಟರೆ ಉಳಿದವೆಲ್ಲ ಮೆಡೋಕ್‌ನವು. ಬಲದಂಡೆಯನ್ನು ಅದು ಅಳೆಯಲೇ ಇಲ್ಲ.

ಪ್ರಶ್ನೆ: ದಿನಕ್ಕೊಂದು ಲೋಟ ಕೆಂಪು ವೈನು ಹೃದಯಕ್ಕೆ ಒಳ್ಳೆಯದಲ್ಲವೇ?

ಉತ್ತರ: ಮದ್ಯದ ಪ್ರಮಾಣ ಎಷ್ಟೇ ಕಡಿಮೆಯಿದ್ದರೂ ಸುರಕ್ಷಿತವೆನ್ನಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ವೈನನ್ನು ಮದ್ದೆಂದು ಮಾರುವವರ ಮಾತಿಗೆ ಮರುಳಾಗಬೇಡಿ, ಈ ಪ್ರಶ್ನೆಯನ್ನು ನನಗೆ ಮತ್ತೆ ಕಳುಹಿಸಲೂ ಬೇಡಿ.

ಪ್ರಶ್ನೆ: ಒಂದು ಗಂಟೆ ಮೊದಲೇ ಬಿರಡೆ ತೆಗೆದಿಟ್ಟರೆ ಒಗರು ಇಳಿಯುತ್ತದೆಯೇ?

ಉತ್ತರ: ಬಾಟಲಿಯ ಕತ್ತಿನಷ್ಟು ಕಿರಿದಾದ ಜಾಗದಲ್ಲಿ ಗಾಳಿ ಏನನ್ನೂ ಮಾಡಲಾರದು. ಅಗಲವಾದ ಹೂಜಿಗೆ ಸುರಿಯಿರಿ.