ಬ್ಯಾಂಕಾಕಿಗೆ ಹೋಗಿ ಮಾತು ಬಿಟ್ಟ ಗೆಳತಿಯರು

ಇಲ್ಲಿ ಬರುವ ಇಬ್ಬರ ಹೆಸರು, ಊರು, ಕೆಲಸ ಎಲ್ಲವನ್ನೂ ಬದಲಾಯಿಸಿದ್ದೇನೆ. ಇಬ್ಬರೂ ಓದಿ ಒಪ್ಪಿದ ಮೇಲೆಯೇ ಇದನ್ನು ಪ್ರಕಟಿಸುತ್ತಿದ್ದೇನೆ. ಒಬ್ಬರನ್ನು ಶಾರದಾ, ಇನ್ನೊಬ್ಬರನ್ನು ವನಜಾ ಅನ್ನೋಣ. ಇಬ್ಬರಿಗೂ ಐವತ್ತೈದು ದಾಟಿದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆ ಅಕ್ಕಪಕ್ಕದ ಮನೆ, ನಡುವೆ ಒಂದು ಬೇಲಿ.

ನನ್ನ ಹತ್ತಿರ ಆಪ್ತಸಲಹೆಗೆ ಮೊದಲು ಬಂದವರು ಶಾರದಾ. ನಿದ್ದೆ ಬರುವುದಿಲ್ಲ, ಬಿ.ಪಿ. ಇಳಿಯುತ್ತಿಲ್ಲ, ಡಾಕ್ಟರು ಒಮ್ಮೆ ನಿಮ್ಮ ಹತ್ತಿರ ಮಾತಾಡಿ ಬರಲು ಹೇಳಿದರು ಅಂದರು. ಸ್ವಲ್ಪ ಹೊತ್ತು ಮಂಡಿನೋವಿನ ಸುದ್ದಿ ನಡೆಯಿತು. ಆಮೇಲೆ ತಾವಾಗಿಯೇ ಬಾಯಿಬಿಟ್ಟರು: "ಮೇಡಂ, ನನ್ನ ಗೆಳತಿ ನನ್ನ ಹತ್ರ ಮಾತಾಡ್ತಾ ಇಲ್ಲ. ಬಟ್ಟೆ ಒಣಗಿಸ್ಲಿಕ್ಕೆ ಹೊರಗೆ ಬಂದವಳು ನನ್ನನ್ನು ಕಂಡ್ರೆ ಬಕೆಟ್ ಅಲ್ಲೇ ಬಿಟ್ಟು ಒಳಗೆ ಹೋಗ್ತಾಳೆ."

ಇವರ ಸ್ನೇಹ ಹೇಗಿತ್ತು ಅಂತ ಗೊತ್ತಾಗದೆ ಜಗಳ ಅರ್ಥವಾಗುವುದಿಲ್ಲ. ವನಜಾ ಕರ್ನಾಟಕದ ಸುಳ್ಯ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದವರು. ತವರಿಗೂ ಗಂಡನ ಮನೆಗೂ ಅಂಥ ದೂರವೇನಿಲ್ಲ. ಆದರೆ 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತಲ್ಲ, ಹಾಗಾಗಿ ಬಸ್ಸಿನ ಬೋರ್ಡು, ಕರೆಂಟ್ ಬಿಲ್ಲು, ಆಸ್ಪತ್ರೆ ಚೀಟಿ ಎಲ್ಲ ಮಲಯಾಳ. ಮನೆ, ತೋಟ, ದೇವಸ್ಥಾನಕ್ಕೆ ಕನ್ನಡ, ತುಳು ಸಾಕು. ಕೌಂಟರಿನ ಮುಂದೆ ನಿಂತಾಗ ಸಾಲುವುದಿಲ್ಲ. ಶಾರದಾ ಇಲ್ಲೇ ಹುಟ್ಟಿ ಬೆಳೆದವರು, ಸಹಕಾರಿ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಎರಡೂ ಸಲೀಸು. ರೇಷನ್ ಕಾರ್ಡಿಗೆ ವನಜಾ ಅವರ ಹೆಸರು ಸೇರಿಸಿದಲ್ಲಿಂದ ಹಿಡಿದು ಮಗನನ್ನು ಶಾಲೆಗೆ ಸೇರಿಸುವುದು, ಗಂಡನ ಆಪರೇಷನ್, ಗಂಡ ತೀರಿಕೊಂಡ ಮೇಲಿನ ಕಾಗದಪತ್ರ, ಎಲ್ಲದಕ್ಕೂ ಶಾರದಾ ಮುಂದೆ, ಫೈಲು ಹಿಡಿದುಕೊಂಡು ವನಜಾ ಹಿಂದೆ.

ನಮ್ಮ ಕಡೆ ಇಂಥ ಜೋಡಿಗಳು ಬೇಕಾದಷ್ಟಿವೆ. ಇದರಲ್ಲಿ ಪ್ರೀತಿ ಇದೆ, ಋಣ ಇದೆ. ಪ್ರತಿ ಸಲ ಬೇರೆಯವರ ಬಾಯಿಂದ ಕೆಲಸ ಮಾಡಿಸಿಕೊಳ್ಳುವವರ ಮನಸ್ಸಿನಲ್ಲಿ ಯಾರಿಗೂ ಹೇಳಿಕೊಳ್ಳಲಾಗದ ಒಂದು ಸಣ್ಣ ಅವಮಾನವೂ ಇರುತ್ತದೆ. ಆ ಅವಮಾನವನ್ನು ನಾವು ಯಾರೂ ಸರಿಯಾಗಿ ಗಮನಿಸುವುದಿಲ್ಲ ಅನ್ನುವುದು ನನಗೆ ತುಂಬ ಬೇಸರದ ವಿಷಯ.

ವನಜಾ ಅವರ ಮಗ ದುಬೈಯಲ್ಲಿದ್ದಾನೆ. "ಶಾರದತ್ತೆ, ಅಮ್ಮನಿಗೆ ಇಷ್ಟು ವರ್ಷ ಮಾಡಿದ್ದೀರಿ, ಇಬ್ಬರೂ ಒಮ್ಮೆ ಎಲ್ಲಾದರೂ ಹೋಗಿ ಬನ್ನಿ" ಅಂತ ಬ್ಯಾಂಕಾಕಿಗೆ ಟಿಕೆಟು, ಹೋಟೆಲು ಎಲ್ಲ ಅವನೇ ಮಾಡಿಕೊಟ್ಟ. ಹೋಟೆಲು ಸಿಲೋಂ ಬೀದಿಯ ಮಾರಿಯಮ್ಮನ್ ದೇವಸ್ಥಾನದ ಹತ್ತಿರ. ಹತ್ತೊಂಬತ್ತನೇ ಶತಮಾನದಲ್ಲಿ ತಮಿಳರು ಕಟ್ಟಿದ ಗುಡಿ ಅದು. ಪರದೇಶದಲ್ಲಿ ಹಣೆಗೆ ಕುಂಕುಮ ಸಿಕ್ಕಿದ್ದಕ್ಕೆ ಇಬ್ಬರಿಗೂ ಖುಷಿಯಾಯಿತಂತೆ. ಮೊದಲೆರಡು ದಿನ ಚೆನ್ನಾಗಿಯೇ ಹೋಯಿತು. ವಾಟ್ ಫೋದಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧನ ಪಾದದ ಹತ್ತಿರ ನಿಂತು ತೆಗೆಸಿಕೊಂಡ ಫೋಟೋ ನನಗೂ ತೋರಿಸಿದರು. ಊಟದ್ದೇ ಕಷ್ಟ. ತರಕಾರಿ ಪಲ್ಯ ಅಂತ ತಂದುಕೊಟ್ಟರೂ ಅದಕ್ಕೆ ಮೀನಿನ ಸಾಸ್ ಬಿದ್ದಿರುತ್ತದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿಯಲ್ಲಿ ಶುದ್ಧ ಸಸ್ಯಾಹಾರ ಸಿಗುತ್ತದೆ ಅಂತ ತಿಳಿಯುವಷ್ಟರಲ್ಲಿ ಅರ್ಧ ಪ್ರವಾಸ ಮುಗಿದಿತ್ತು. ಬಾಳೆಹಣ್ಣು, ಬ್ರೆಡ್ಡು ತಿಂದುಕೊಂಡು ಏಪ್ರಿಲ್ ಬಿಸಿಲಿನಲ್ಲಿ ತಿರುಗಿದ್ದಾರೆ. ಮುಂದಿನದ್ದಕ್ಕೆ ಇದೂ ಒಂದು ಕಾರಣ.

ಮೂರನೇ ದಿನ ಅರಮನೆ ನೋಡಲು ಹೊರಟರು. ಗೇಟಿಗೆ ಸ್ವಲ್ಪ ಮುಂಚೆ ಒಳ್ಳೆಯ ಶರ್ಟು ಹಾಕಿಕೊಂಡವನೊಬ್ಬ ತಡೆದು, ಇವತ್ತು ಪೂಜೆ ಇದೆ, ಅರಮನೆ ಮುಚ್ಚಿದೆ, ಇಪ್ಪತ್ತು ಬಾತ್ (ಅಲ್ಲಿಯ ದುಡ್ಡು) ಕೊಟ್ಟರೆ ಈ ಟುಕ್‌ಟುಕ್‌ನವನು ಊರೆಲ್ಲ ತೋರಿಸುತ್ತಾನೆ ಅಂದ. ಬ್ಯಾಂಕಾಕಿನ ಹಳೇ ಮೋಸ ಇದು. ಟುಕ್‌ಟುಕ್ ಕೊನೆಗೆ ಹೋಗಿ ನಿಲ್ಲುವುದು ಹರಳಿನ ಅಂಗಡಿಯ ಮುಂದೆ. ಮಾತುಕತೆ ಎಲ್ಲ ಶಾರದಾ ಅವರದ್ದೇ, ಊರಿನ ಹಾಗೆಯೇ. ವನಜಾ ಮೆಲ್ಲಗೆ "ಬೇಡ" ಅಂದದ್ದು ಯಾರಿಗೂ ಕೇಳಿಸಲಿಲ್ಲ. ಶಾರದಾ ಹನ್ನೆರಡು ಸಾವಿರ ರೂಪಾಯಿಗೆ ಒಂದು ನೀಲಿ ಕಲ್ಲಿನ ಉಂಗುರ ತೆಗೆದುಕೊಂಡರು. ತಿರುಗಿ ಅರಮನೆ ಹತ್ತಿರ ಬಂದರೆ ಗೇಟು ತೆರೆದೇ ಇದೆ, ಜನ ಸಾಲು ನಿಂತಿದ್ದಾರೆ. ವನಜಾ ಒಂದೇ ಮಾತು ಅಂದರು: "ಮುಚ್ಚಿರ್ಲೇ ಇಲ್ಲ ಅಲ್ವಾ ಮಾರಾಯ್ತಿ."

ಅಷ್ಟೇ. ಚುಚ್ಚಬೇಕು ಅಂತ ಹೇಳಿದ್ದಲ್ಲ. ಆದರೆ ಶಾರದಾ ಮುಖ ಆ ಕಡೆ ತಿರುಗಿಸಿ ನಡೆದರು. ಇಬ್ಬರೂ ಹಿಂದೆ ಮುಂದೆ ನಡೆಯುತ್ತಾ ಚಾವೊ ಫ್ರಾಯಾ ನದಿಯ ದೋಣಿಕಟ್ಟೆಗೆ ಬಂದರು. ಅಲ್ಲಿಯ ದೋಣಿ ನಮ್ಮ ಬಸ್ಸಿನ ಹಾಗೆ ಕಾಯುವುದಿಲ್ಲ. ಹಿಂದೆ ನಿಂತವನು ಸೀಟಿ ಊದುತ್ತಾನೆ, ದೋಣಿ ಕಟ್ಟೆಗೆ ತಾಗುತ್ತದೆ, ಜನ ಹಾರುತ್ತಾರೆ, ಮತ್ತೊಂದು ಸೀಟಿ, ಹೊರಟಿತು. ಶಾರದಾ ಹಿಂದೆಯೇ ಇದ್ದಾರೆ ಅಂದುಕೊಂಡು ವನಜಾ ಹತ್ತಿದರು. ತಿರುಗಿ ನೋಡಿದಾಗ ಶಾರದಾ ಕಟ್ಟೆಯ ಮೇಲಿದ್ದರು.

ಸಿಮ್ ಇದ್ದದ್ದು ಶಾರದಾ ಅವರ ಫೋನಿನಲ್ಲಿ ಮಾತ್ರ. ವನಜಾ ಅವರ ಫೋನಿನಲ್ಲಿ ಮಗ ಬ್ಯಾಂಕಾಕಿನ ಮ್ಯಾಪ್ ಇಳಿಸಿಕೊಟ್ಟಿದ್ದ. ಸಿಮ್ ಇಲ್ಲದಿದ್ದರೂ ಅದರಲ್ಲಿ ನಾವು ಎಲ್ಲಿದ್ದೇವೆ ಅನ್ನುವ ನೀಲಿ ಚುಕ್ಕೆ ಕಾಣುತ್ತದೆ. ಹೊರಡುವ ಮೊದಲು ರಾತ್ರಿ ರಾತ್ರಿ ವಿಡಿಯೋ ಕಾಲ್ ಮಾಡಿ ಅವನು ಅಮ್ಮನಿಗೆ ಇದನ್ನೆಲ್ಲ ಕಲಿಸಿದ್ದ. ಶಾರದಾ ಅವರಿಗೆ ಇದು ಗೊತ್ತೇ ಇರಲಿಲ್ಲ. ವನಜಾ ಚುಕ್ಕೆ ನೋಡುತ್ತಾ ಸಾಥೋನ್ ಕಟ್ಟೆಯಲ್ಲಿ ಇಳಿದರು. ಅಲ್ಲೇ ಮೇಲೆ ಸಫಾನ್ ತಾಕ್ಸಿನ್ ರೈಲು ನಿಲ್ದಾಣ. ಟಿಕೆಟಿನ ಮಿಷನ್ ಅರ್ಥವಾಗಲಿಲ್ಲ. ಹೋಟೆಲಿನ ಚೀಟಿ ತೋರಿಸಿದಾಗ ಒಬ್ಬಳು ಹುಡುಗಿ ಗುಂಡಿ ಒತ್ತಿ ಕೊಟ್ಟಳು. ಮುಂದಿನ ನಿಲ್ದಾಣ ಸುರಸಾಕ್. ಇಳಿದು ನಡೆದು ಹೋಟೆಲು ಸೇರಿದರು.

ಶಾರದಾ ಎರಡು ಗಂಟೆ ಆ ಕಟ್ಟೆಯಲ್ಲಿ, ಆಚೀಚಿನ ಕಟ್ಟೆಗಳಲ್ಲಿ ಹುಡುಕಿದರು. 1155ಕ್ಕೆ ಫೋನ್ ಮಾಡಿದರು, ಅದು ಅಲ್ಲಿಯ ಪ್ರವಾಸಿ ಪೊಲೀಸರ ನಂಬರು. ಕೊನೆಗೆ ಅಳುತ್ತಾ ಹೋಟೆಲಿಗೆ ಬಂದರೆ ವನಜಾ ಕೆಳಗಿನ ಸೋಫಾದಲ್ಲಿ ಚಹಾ ಕುಡಿಯುತ್ತಾ ನಗುತ್ತಿದ್ದರು. "ನಾನೇ ಬಂದೆ ನೋಡು!"

ಆಗ ಶಾರದಾ ಅವರ ಬಾಯಿಂದ ಬಂದದ್ದು: "ಜನ್ಮವಿಡೀ ನಿನ್ನನ್ನು ಹೊತ್ತುಕೊಂಡು ತಿರುಗಿದ್ದೇನೆ. ಇಲ್ಲಿಗೆ ಬಂದ್ರೂ ತಪ್ಪಲಿಲ್ಲ."

ವನಜಾ ಲೋಟ ಕೆಳಗಿಟ್ಟು ಮೇಲೆ ಹೋದರು. ಉಳಿದ ದಿನಗಳಲ್ಲಿ "ಹೂಂ", "ಉಹೂಂ" ಎರಡೇ. ಬೆಂಗಳೂರಿನಿಂದ ಕಾಸರಗೋಡಿಗೆ ರಾತ್ರಿ ರೈಲಿನಲ್ಲಿ ಮೇಲೆ ಒಬ್ಬರು, ಕೆಳಗೆ ಒಬ್ಬರು ಮಲಗಿ ಬಂದರು.

ಜಾತ್ರೆಯಲ್ಲಿ ಕಳೆದುಹೋದ ಮಗು ಸಿಕ್ಕಿದ ಕೂಡಲೇ ತಾಯಿ ಮೊದಲು ಒಂದು ಏಟು ಕೊಡುತ್ತಾಳೆ, ಆಮೇಲೆ ತಬ್ಬಿಕೊಳ್ಳುತ್ತಾಳೆ. ಶಾರದಾ ಏಟು ಕೊಟ್ಟರು, ತಬ್ಬಿಕೊಳ್ಳುವುದು ಬಾಕಿ ಉಳಿಯಿತು. ಆ ಎರಡು ಗಂಟೆಯಲ್ಲಿ ಏನೇನು ಯೋಚನೆ ಬಂತು ಅಂತ ನಿಧಾನವಾಗಿ ಕೇಳಿದೆ. ಅವರು ಪರ್ಸಿನೊಳಗೆ ಸೇಫ್ಟಿ ಪಿನ್ನಿಗೆ ಸಿಕ್ಕಿಸಿಟ್ಟಿದ್ದ ಆ ಉಂಗುರ ತೆಗೆದು ಮೇಜಿನ ಮೇಲಿಟ್ಟರು. "ಇದನ್ನು ತಗೊಂಡ ಹೊತ್ತಿಗೇ ನನಗೆ ಗೊತ್ತಾಗಿತ್ತು ಮೇಡಂ, ಮೋಸ ಹೋದೆ ಅಂತ. ನನಗೆ ಅಲ್ಲಿ ಏನೂ ತಿಳಿಯುವುದಿಲ್ಲ ಅಂತ ಅವಳಿಗೂ ಗೊತ್ತಾಯ್ತಲ್ಲ. ಆಮೇಲೆ ಅವಳೂ ಕಾಣಲಿಲ್ಲ. ಆ ಮಗನಿಗೆ ಎಂತ ಹೇಳುದು?"

ಇಷ್ಟು ವರ್ಷ ದಾರಿ ತೋರಿಸಿದವರಿಗೆ ದಾರಿ ತಪ್ಪಿದಾಗ ಆಗುವ ಹೆದರಿಕೆ ತುಂಬ ದೊಡ್ಡದು. ಶಾರದಾ ಅವರಿಗೆ ಕೈ ಹಿಡಿದು ನಡೆಸುವವಳಾಗಿ ಗೊತ್ತೇ ಹೊರತು, ಅದಿಲ್ಲದೆ ವನಜಾ ಪಕ್ಕದಲ್ಲಿ ಹೇಗಿರಬೇಕು ಅಂತ ಗೊತ್ತಿರಲಿಲ್ಲ. ಬ್ಯಾಂಕಾಕಿನಲ್ಲಿ ಇಬ್ಬರಿಗೂ ಭಾಷೆ ಬರುವುದಿಲ್ಲ. ಅಲ್ಲಿ ಇಬ್ಬರೂ ಸಮ. ಅದನ್ನು ತಡೆದುಕೊಳ್ಳಲು ಅವರಿಗಾಗಲಿಲ್ಲ.

ಅವರ ಒಪ್ಪಿಗೆ ತೆಗೆದುಕೊಂಡು ವನಜಾ ಅವರನ್ನೂ ಬರಹೇಳಿದೆ. ಬಂದರು. ಸಿಟ್ಟಿಲ್ಲ ಅಂದರು. "ನಾನು ಭಾರ ಅಂತ ನನಗೆ ಮೊದಲೇ ಗೊತ್ತು. ಅವಳ ಬಾಯಿಂದ ಕೇಳಬಾರದಿತ್ತು." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹೇಳಿದರು. ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸಿತು. "ಜೀವನದಲ್ಲಿ ಮೊದಲ ಸಲ ಒಬ್ಬಳೇ ರೈಲು ಹತ್ತಿದೆ. ದಾರಿಯುದ್ದಕ್ಕೂ ಇದನ್ನು ಶಾರದನಿಗೆ ಹೇಗೆ ಹೇಳಲಿ ಅಂತಲೇ ಯೋಚಿಸ್ತಾ ಬಂದೆ."

ಶಾರದಾ ಅವರಿಗೆ ನಾನು ಹೇಳಿದ್ದು ಇದು. ಸಿಟ್ಟಿನಲ್ಲಿ ಬಂದ ಮಾತು ಅಂತ ಹೇಳಿ ಮುಗಿಸಬೇಡಿ, ಅದರಿಂದ ಅವರ ನೋವು ಹೋಗುವುದಿಲ್ಲ. ನಾನು ನಿನಗೆ ಎಷ್ಟೆಲ್ಲ ಮಾಡಿದ್ದೇನೆ ಅಂತ ಪಟ್ಟಿ ಕೊಡಬೇಡಿ, ಒಂದೊಂದು ಸಹಾಯ ನೆನಪಿಸಿದಾಗಲೂ "ಹೊತ್ತುಕೊಂಡೆ" ಅನ್ನುವ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. ಆ ಎರಡು ಗಂಟೆ ಹೇಗೆ ಕಳೆಯಿತು ಅಂತ ಹೇಳಿ. ಹೆದರಿದ್ದೆ ಅಂತ ಹೇಳಿ. ಉಂಗುರದ ನಾಚಿಕೆಯನ್ನೂ ಹೇಳಿ. ಆಮೇಲೆ, ನೀನು ಹೇಗೆ ಬಂದೆ ಅಂತ ಕೇಳಿ, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ. ವಾಟ್ಸಾಪಿನಲ್ಲಿ ಉದ್ದುದ್ದ ಬರೆಯುವುದು ಬೇಡ. ಮಧೂರು ದೇವಸ್ಥಾನಕ್ಕೆ ಒಟ್ಟಿಗೆ ಹೋಗಿ, ಬರುವಾಗ ಅಕ್ಕಪಕ್ಕ ನಡೆಯುತ್ತಾ ಮಾತಾಡಿ. ಮುಖ ನೋಡಿಕೊಂಡು ಹೇಳಲಾಗದ್ದು ಹಾಗೆ ಸುಲಭವಾಗುತ್ತದೆ.

ವನಜಾ ಅವರಿಗೆ ಬೇರೆ ಹೇಳಿದೆ. ಬೇಲಿಯ ಹತ್ತಿರದಿಂದ ಒಳಗೆ ಹೋಗುವುದು ಸಹ ಒಂದು ಶಿಕ್ಷೆಯೇ, ಶಾರದಾ ಅದನ್ನು ದಿನಾ ತಿನ್ನುತ್ತಿದ್ದಾರೆ. ನೋವಾಗಿದೆ ಅಂತ ಬಾಯಿಬಿಟ್ಟು ಹೇಳಿ. ಮ್ಯಾಪ್ ಕಲಿತದ್ದನ್ನು ಯಾಕೆ ಮುಚ್ಚಿಟ್ಟಿರಿ ಅಂತಲೂ ಕೇಳಿದೆ. ಅವಳಿಗೆ ಬೇಜಾರಾಗಬಹುದು ಅಂತ ಅಂದರು. ಹಾಗಾದರೆ ಇನ್ನೊಬ್ಬರ ಬೇಜಾರಿಗೆ ಹೆದರಿ ನೀವು ಎಷ್ಟೋ ವರ್ಷದಿಂದ ಸಣ್ಣವರಾಗಿಯೇ ಉಳಿದಿದ್ದೀರಿ ಅಲ್ವಾ ಅಂದೆ. ತುಂಬ ಹೊತ್ತು ಏನೂ ಹೇಳಲಿಲ್ಲ.

ಒಂದು ಕೆಲಸವನ್ನೂ ಕೊಟ್ಟೆ. ಈ ಸಲ ಜಾಗದ ತೆರಿಗೆ ಕಟ್ಟಲು ವಿಲೇಜ್ ಆಫೀಸಿಗೆ ವನಜಾ ಅವರೇ ಹೋಗಬೇಕು. ಶಾರದಾ ಜೊತೆಗೆ ಹೋಗಬಹುದು, ಆದರೆ ಹೊರಗಿನ ಬೆಂಚಿನಲ್ಲಿ ಕೂರಬೇಕು. ಗಡಿಯ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶ ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಇದೆ. ಈ ಹಕ್ಕನ್ನು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಟ್ಟಿಲ್ಲ. ವನಜಾ ಕನ್ನಡದಲ್ಲೇ ಕೇಳಿದರು, ಬೇಕಾದಲ್ಲಿ ನಾಲ್ಕು ಶಬ್ದ ಮಲಯಾಳ ಸೇರಿಸಿದರು. ಹೊತ್ತು ಹಿಡಿಯಿತು, ಕೆಲಸ ಆಯಿತು. ಬೆಂಚಿನಲ್ಲಿ ಕೂತದ್ದೇ ಹೆಚ್ಚು ಕಷ್ಟ ಆಯಿತು ಅಂತ ಶಾರದಾ ಹೇಳಿದರು. ನಾನು ನಂಬುತ್ತೇನೆ.

ಜೊತೆಯಾಗಿ ಪರದೇಶಕ್ಕೆ ಹೊರಡುವವರು ನನ್ನ ಹತ್ತಿರ ಬಂದರೆ ನಾನು ಮೊದಲು ಕೇಳುವುದು, ತಪ್ಪಿಹೋದರೆ ಎಲ್ಲಿ ಸೇರುತ್ತೀರಿ ಅಂತ ಮಾತಾಡಿಕೊಂಡಿದ್ದೀರಾ ಎಂದು. ಇಬ್ಬರ ಫೋನಿಗೂ ಸಿಮ್ ಬೇಕು. ಹೋಟೆಲಿನ ವಿಳಾಸ ಅಲ್ಲಿಯ ಭಾಷೆಯಲ್ಲಿ ಇಬ್ಬರ ಪರ್ಸಿನಲ್ಲೂ ಇರಬೇಕು. ಹಸಿವು, ಬಿಸಿಲು, ನಿದ್ದೆಗೇಡು ಇರುವಾಗ ಯಾವ ಹಳೇ ಲೆಕ್ಕವನ್ನೂ ತೆಗೆಯಬೇಡಿ, ಮೊದಲು ಏನಾದರೂ ತಿನ್ನಿ. ದಿನಕ್ಕೆ ಸ್ವಲ್ಪ ಹೊತ್ತು ಬೇರೆ ಬೇರೆಯಾಗಿ ಇರಿ, ಅದರಿಂದ ಸ್ನೇಹಕ್ಕೆ ಏನೂ ಆಗುವುದಿಲ್ಲ. ಒಂದು ದಿನ ಒಬ್ಬರು ದಾರಿ ತೋರಿಸಲಿ, ಮರುದಿನ ಇನ್ನೊಬ್ಬರು.

ಇವರಿಬ್ಬರೂ ಮಧೂರಿಗೆ ಹೋಗಿ ಬಂದಿದ್ದಾರೆ. ಬೇಲಿಯ ಹತ್ತಿರ ಮಾತು ಶುರುವಾಗಿದೆ. ಆದರೆ "ಹೊತ್ತುಕೊಂಡು ತಿರುಗಿದ್ದೇನೆ" ಅನ್ನುವ ಆ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ ಅಂತ ವನಜಾ ಮೊನ್ನೆ ಶಾರದಾ ಅವರ ಎದುರಿಗೇ ಹೇಳಿದರು. ಶಾರದಾ ತಲೆಯಾಡಿಸಿದರು, ಸಮರ್ಥಿಸಿಕೊಳ್ಳಲು ಹೋಗಲಿಲ್ಲ. ಅವಸರ ಬೇಡ ಅಂತ ಇಬ್ಬರಿಗೂ ಹೇಳಿದ್ದೇನೆ. ಬರುವ ತಿಂಗಳು ಮತ್ತೆ ಒಟ್ಟಿಗೇ ಬರುತ್ತಾರೆ.